ಎರಡು ಸಿದ್ದಾಪುರಗಳ ನಡುವಿನ ನದಿ

(ಮೊಳಕಾಲ್ಮೂರಿನಲ್ಲಿ ವಿದ್ಯಾರ್ಥಿಗಳು ಹಾಗೂ ರೈತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕರ್ನಾಟಕದಲ್ಲಿ ಸಿದ್ದಾಪುರವೆಂಬ ಹೆಸರಿನ ಊರುಗಳು ಹಲವು. ಅವುಗಳಲ್ಲೊಂದು ಇದೇ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಶಾಸನದಲ್ಲಿ ಬರುವ 'ಇಸಿಲ' ಎಂಬ ಪಟ್ಟಣ ಇಲ್ಲಿಯೇ ಇತ್ತೆಂದು ವಿದ್ವಾಂಸರು ಹೇಳುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ತಪ್ಪಲಿನಲ್ಲಿ ಉತ್ಖನನ ನಡೆಸಿದಾಗ ಅಶೋಕನಿಗಿಂತಲೂ ಹಿಂದಿನ ಕಾಲದಿಂದ ಇಲ್ಲಿ ಜನವಸತಿ ಇದ್ದುದು ಖಚಿತವಾಯಿತು. ಜನಗಿಹಳ್ಳವೆಂದೂ ಕರೆಯಲ್ಪಡುವ ಚಿನ್ನ ಹಗರಿಯ ನೀರನ್ನೇ ನಂಬಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಒಂದು ಪಟ್ಟಣ ಬಾಳಿತ್ತೆಂಬುದು ಬರಸೀಮೆಯೆಂದು ಹೆಸರಾದ ಈ ತಾಲ್ಲೂಕಿನ ಮಕ್ಕಳು ಮೊದಲು ತಿಳಿಯಬೇಕಾದ ಸಂಗತಿ.

ಇನ್ನೊಂದು ಸಿದ್ದಾಪುರ ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕು ಕೇಂದ್ರ. ಅಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆ. ಇಲ್ಲಿ ಸುಮಾರು 500 ಮಿಲಿಮೀಟರ್, ಅದೂ ಎಲ್ಲ ವರ್ಷಗಳಲ್ಲಿ ಅಲ್ಲ. ಅಲ್ಲಿಯವರು ಅಡಿಕೆ ಬೆಳೆಯುತ್ತಾರೆ, ಇಲ್ಲಿಯವರು ಶೇಂಗಾ ಬೆಳೆಯುತ್ತಾರೆ, ರೇಷ್ಮೆ ಸೀರೆ ನೇಯುತ್ತಾರೆ. ಹೆಸರೊಂದನ್ನು ಬಿಟ್ಟರೆ ಈ ಎರಡು ಊರುಗಳಿಗೆ ಪರಸ್ಪರ ಸಂಬಂಧವೇ ಇರಲಿಲ್ಲ. ಈಗ ಒಂದು ಸರಕಾರಿ ಕಡತ ಅವುಗಳಿಗೆ ಸಂಬಂಧ ಕಲ್ಪಿಸಿದೆ.

ಸಿದ್ದಾಪುರ, ಶಿರಸಿ, ಕುಮಟಾ ತಾಲ್ಲೂಕುಗಳಲ್ಲಿ ಹರಿಯುವ ಅಘನಾಶಿನಿ ನದಿಯ ಮಳೆಗಾಲದ ನೀರನ್ನು ಮೇಲೆತ್ತಿ, ಪೂರ್ವಕ್ಕೆ ಸಾಗಿಸಿ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕೆ ತುಂಬಿಸುವ ಪ್ರಸ್ತಾವವನ್ನು ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆ ಸಿದ್ಧಪಡಿಸಿದೆ. ಅದರಲ್ಲಿ ಹೇಳಲಾದ ಪ್ರಮಾಣ 35 ಟಿಎಂಸಿ. ಮಲೆನಾಡಿನಲ್ಲಿ ಇದಕ್ಕೆ ತೀವ್ರ ವಿರೋಧವಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಸಹಜವಾಗಿಯೇ ನಿರೀಕ್ಷೆಯಿದೆ. ಮಲೆನಾಡಿನ ಸಭೆಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳ ಬಾಯಾರಿಕೆಯ ಪ್ರಸ್ತಾಪ ಬರುವುದು ಅಪರೂಪ. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದು ಹಲ್ಲು ಕಂದಿದ, ಮೂಳೆ ಬಾಗಿದ ಜನರಿಗೆ 'ನದಿಯನ್ನು ಮುಟ್ಟಬೇಡಿ' ಎಂದಷ್ಟೇ ಹೇಳಿ ಎದ್ದುಬರುವುದು ನ್ಯಾಯವಲ್ಲ. ಹಾಗೆಯೇ, ಬಯಲುಸೀಮೆಯ ಸಭೆಗಳಲ್ಲಿ ಆ ನದಿ ಹೇಗಿದೆ, ಅದರ ನೀರಿನಿಂದ ಯಾರು ಬದುಕಿದ್ದಾರೆ ಎಂಬ ಮಾತೂ ಬರುವುದಿಲ್ಲ. 'ವ್ಯರ್ಥವಾಗಿ ಸಮುದ್ರಕ್ಕೆ ಹರಿಯುವ ನೀರು' ಎಂಬ ಒಂದು ವಾಕ್ಯ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಆ ವಾಕ್ಯವನ್ನು ಪರೀಕ್ಷಿಸಲು ನದಿಯನ್ನು ಹುಟ್ಟಿನಿಂದ ಕಡಲಿನವರೆಗೆ ಒಮ್ಮೆ ನೋಡಬೇಕಾಗುತ್ತದೆ.

ಶಿರಸಿ ಪೇಟೆಯ ನಡುವೆ ಶಂಕರಹೊಂಡ ಎಂಬ ಒಂದು ಕೊಳವಿದೆ. ಅಘನಾಶಿನಿಯ ಮೂಲಗಳಲ್ಲಿ ಅದೊಂದು. ಇನ್ನೊಂದು ಮೂಲ ಶಿರಸಿಗೆ ಪಶ್ಚಿಮದಲ್ಲಿರುವ ಮಂಜುಗುಣಿಯ ಕಡೆಯದು. ಈ ಎರಡು ಹಳ್ಳಗಳು ಸೇರಿದ ಮೇಲೆ ನದಿ ಪಶ್ಚಿಮಕ್ಕೆ ಹೊರಳಿ, ಸುಮಾರು 120 ಕಿಲೋಮೀಟರ್ ಹರಿದು, ಗೋಕರ್ಣಕ್ಕೆ ದಕ್ಷಿಣದಲ್ಲಿ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿಯ ಜಲಾನಯನ ಪ್ರದೇಶ ಸುಮಾರು 1,450 ಚದರ ಕಿಲೋಮೀಟರ್. ಚಿತ್ರದುರ್ಗ ಜಿಲ್ಲೆಯ ವಿಸ್ತಾರದಲ್ಲಿ ಇದು ಆರನೆಯ ಒಂದು ಪಾಲು. 'ನದಿ' ಎಂದೊಡನೆ ತುಂಗಭದ್ರೆಯನ್ನೋ ಕೃಷ್ಣೆಯನ್ನೋ ಕಣ್ಣೆದುರು ತಂದುಕೊಳ್ಳುವವರು ಈ ಅಳತೆಯನ್ನು ನೆನಪಿನಲ್ಲಿಡಬೇಕು. ಅಘನಾಶಿನಿ ಗಿಡ್ಡನೆಯ, ಕಡಿದಾದ, ಮಳೆಗಾಲದಲ್ಲಿ ಅಬ್ಬರಿಸಿ ಬೇಸಿಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಜಾರುವ ನದಿ. ನೆರೆಯ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ ಹಾಗೂ ಗೇರುಸೊಪ್ಪೆಗಳಿವೆ. ನಡುವಿನ ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ಪಶ್ಚಿಮಕ್ಕೆ ಹರಿಯುವ ಕರ್ನಾಟಕದ ನದಿಗಳಲ್ಲಿ ಹೀಗೆ ಹುಟ್ಟಿನಿಂದ ಕಡಲಿನವರೆಗೆ ತಡೆಯಿಲ್ಲದೆ ಹರಿಯುವವು ಕೆಲವೇ.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಸಮೀಪ ಇಡೀ ನದಿ 116 ಮೀಟರ್ ಆಳಕ್ಕೆ ಧುಮುಕುತ್ತದೆ. ಅದೇ ಉಂಚಳ್ಳಿ ಜಲಪಾತ. ಉಪನದಿಗಳಲ್ಲಿ ಬುರುಡೆ, ಬೆಣ್ಣೆಹೊಳೆ ಮೊದಲಾದ ಜಲಪಾತಗಳಿವೆ. ಪ್ರವಾಸಿಗರು ಜಲಪಾತ ನೋಡಿ ಹಿಂತಿರುಗುತ್ತಾರೆ. ನದಿಯ ನಿಜವಾದ ಕೆಲಸ ನಡೆಯುವುದು ಅದರ ಸುತ್ತಲಿನ ಕಣಿವೆಗಳಲ್ಲಿ. ಅಲ್ಲಿ ಸಿಂಹದ ಬಾಲದ ಸಿಂಗಳೀಕಗಳಿವೆ. ಇವುಗಳಿಗಾಗಿ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕಾಡಿನೊಳಗಿನ ತಗ್ಗುಗಳಲ್ಲಿ ರಾಮಪತ್ರೆ ಜಡ್ಡಿಗಳೆಂಬ ಸಿಹಿನೀರಿನ ಜೌಗುಗಳಿವೆ. ಈ ಜಡ್ಡಿಯ ಮರಗಳು ಉಸಿರಾಟಕ್ಕಾಗಿ ಬೇರನ್ನು ಮಂಡಿಯಂತೆ ಮಡಿಸಿ ನೀರಿನಿಂದ ಮೇಲಕ್ಕೆ ಎತ್ತಿರುತ್ತವೆ. ಮಳೆಯ ನೀರನ್ನು ಹೀರಿ, ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಹಳ್ಳಕ್ಕೆ ಬಿಡುವುದು ಇವುಗಳ ಗುಣ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಉತ್ತರ ಕನ್ನಡದ ಹಳ್ಳಗಳನ್ನು ಅಭ್ಯಸಿಸಿ, ಸಹಜ ಕಾಡು ದಟ್ಟವಾಗಿರುವಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ, ಏಕಜಾತಿ ನೆಡುತೋಪಿನ ಪ್ರದೇಶದಲ್ಲಿ ಅದು ಬೇಸಿಗೆಗೆ ಮುನ್ನವೇ ನಿಲ್ಲುತ್ತದೆ, ಬೋಳು ಗುಡ್ಡದಲ್ಲಿ ಮಳೆಗಾಲ ಮುಗಿದೊಡನೆ ಬತ್ತುತ್ತದೆ ಎಂದು ತೋರಿಸಿದ್ದಾರೆ. ಹಳ್ಳದ ದಂಡೆಯಲ್ಲಿ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನಬೆಟ್ಟ, ನದಿಯ ಅಂಚಿನಲ್ಲಿ ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿಯ ಮರಗಳು, ಹೀಗೆ ಘಟ್ಟದ ಜನ ನದಿಯೊಡನೆ ಹೊಂದಿಕೊಂಡಿದ್ದಾರೆ.

ಘಟ್ಟ ಇಳಿದ ಮೇಲೆ ನದಿಯ ಸ್ವಭಾವವೇ ಬದಲಾಗುತ್ತದೆ. ಕುಮಟಾ ತಾಲ್ಲೂಕಿನಲ್ಲಿ ಉಪ್ಪಿನಪಟ್ಟಣ ಎಂಬ ಊರಿದೆ. ಸಮುದ್ರ ತೀರ ಅಲ್ಲಿಗೆ ಹತ್ತಿರವೇನಲ್ಲ. ಆದರೂ ಭರತದ ನೀರು ನದಿಯಲ್ಲಿ ಅಲ್ಲಿಯವರೆಗೂ ಏರಿ ಬರುತ್ತದೆ. ಉಪ್ಪುನೀರು, ಸಿಹಿನೀರು ದಿನಕ್ಕೆ ಎರಡು ಬಾರಿ ಒಂದನ್ನೊಂದು ತಳ್ಳಾಡುವ ಈ ಪ್ರದೇಶವನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಮೊಳಕಾಲ್ಮೂರಿನ ವಿದ್ಯಾರ್ಥಿಗೆ ಇದನ್ನು ವಿವರಿಸುವುದು ಸುಲಭವಲ್ಲ, ಏಕೆಂದರೆ ಹಿಮ್ಮುಖವಾಗಿ ಹರಿಯುವ ನದಿಯನ್ನು ಇಲ್ಲಿ ಯಾರೂ ಕಂಡಿರಲಾರರು. ಅಘನಾಶಿನಿಯ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದೆಯೆಂದು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಮೀನುಗಾರಿಕೆ, ಚಿಪ್ಪಿ ಆರಿಸುವಿಕೆ, ಬೇಸಾಯ, ಉಪ್ಪಿನ ತಯಾರಿಕೆ ಇವುಗಳ ಮೂಲಕ 6,000ಕ್ಕೂ ಹೆಚ್ಚು ಕುಟುಂಬಗಳು ಅದನ್ನು ಆಶ್ರಯಿಸಿವೆಯೆಂದು ಆಗಿನ ಸರಕಾರಿ ಪ್ರಕಟಣೆಯೇ ಹೇಳಿದೆ.

ಈ ಅಳಿವೆಯ ವರ್ಷಚಕ್ರವನ್ನು ತುಸು ನಿಧಾನವಾಗಿ ನೋಡಬೇಕು. ಇಡೀ ವಾದದ ತಿರುಳು ಅಲ್ಲಿಯೇ ಇದೆ. ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಬೇಸಿಗೆಯಲ್ಲಿ ಅವುಗಳಲ್ಲಿ ಉಪ್ಪುನೀರು ನಿಂತಿರುತ್ತದೆ, ಮಣ್ಣಿನಲ್ಲಿ ಉಪ್ಪು ಕೂಡಿರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು, ಘಟ್ಟದಿಂದ ಕೆಂಪು ನೆರೆ ಇಳಿದು ಬಂದಾಗ ಆ ಉಪ್ಪು ತೊಳೆದುಹೋಗುತ್ತದೆ. ನೆರೆಯೊಡನೆ ಬಂದ ಗೋಡುಮಣ್ಣು ಗದ್ದೆಯಲ್ಲಿ ಉಳಿಯುತ್ತದೆ. ಆಗ ರೈತರು ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಅಷ್ಟಿಷ್ಟು ಉಪ್ಪನ್ನೂ, ಕೆಲವು ದಿನ ಮುಳುಗಡೆಯನ್ನೂ ಸಹಿಸುವ ತಳಿ ಇದು. ಗೊಬ್ಬರವಿಲ್ಲ, ಔಷಧಿ ಸಿಂಪಡಣೆಯಿಲ್ಲ. ಕೊಯ್ಲಿನ ನಂತರ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಭತ್ತದ ಕೂಳೆ ಕೊಳೆತು ಸಿಗಡಿ, ಮೀನು, ಏಡಿಗಳಿಗೆ ಆಹಾರವಾಗುತ್ತದೆ. ನದಿಯ ಹರಿವು ಇಳಿದು ಬೇಸಿಗೆ ಬಲಿತಾಗ ಸಾಣಿಕಟ್ಟಾದ ಆಗರಗಳಲ್ಲಿ ಅದೇ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಒಂದೇ ತಾಣ ಮಳೆಗಾಲದಲ್ಲಿ ಭತ್ತವನ್ನೂ, ಚಳಿಗಾಲದಲ್ಲಿ ಮೀನನ್ನೂ, ಬೇಸಿಗೆಯಲ್ಲಿ ಉಪ್ಪನ್ನೂ ಕೊಡುತ್ತದೆ. ಈ ಸರದಿಯನ್ನು ನಡೆಸುವುದು ನದಿಯ ಏರಿಳಿತ. ಕುಮಟೆಯ ಹಾಲಕ್ಕಿ ಒಕ್ಕಲಿಗರು, ಅಂಬಿಗರು, ಹರಿಕಂತರು ಈ ಏರಿಳಿತದ ಲೆಕ್ಕವನ್ನು ಹುಣ್ಣಿಮೆ ಅಮಾವಾಸ್ಯೆಗಳೊಡನೆ ಬಾಯಿಪಾಠ ಮಾಡಿಕೊಂಡವರು.

ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಪ್ಪಿ ಆರಿಸುವವರಲ್ಲಿ ಹೆಂಗಸರೇ ಹೆಚ್ಚು. ಭೂಮಿಯಿಲ್ಲ, ದೋಣಿಯಿಲ್ಲ, ಬಲೆಯಿಲ್ಲ. ಒಂದು ಬುಟ್ಟಿಯೇ ಅವರ ಬಂಡವಾಳ. ಈ ಅಳಿವೆಯಿಂದ ವರ್ಷಕ್ಕೆ 20,000 ಟನ್‌ಗೂ ಹೆಚ್ಚು ಚಿಪ್ಪಿ ದೊರೆಯುತ್ತಿತ್ತೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಂದಾಜಿಸಿದ್ದರು. ಚಿಪ್ಪಿಗೆ ಬೇಕಾದುದು ಕಾಲಕ್ಕೆ ತಕ್ಕಂತೆ ಬದಲಾಗುವ ಉಪ್ಪಿನ ಅಂಶ. ಪೂರ್ತಿ ಸಿಹಿಯಾದರೂ ಅದು ಉಳಿಯದು, ಪೂರ್ತಿ ಉಪ್ಪಾದರೂ ಉಳಿಯದು.

ಇದು ಬರಿಯ ಊಹೆಯಲ್ಲ. ಪಕ್ಕದ ಹೊನ್ನಾವರದಲ್ಲಿ ಇದರ ಪ್ರಯೋಗವೇ ನಡೆದುಹೋಗಿದೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡ ಮೇಲೆ ಶರಾವತಿಯ ನೀರು ವಿದ್ಯುದಾಗಾರಗಳ ಮೂಲಕ ವರ್ಷವಿಡೀ ಒಂದೇ ತೆರನಾಗಿ ಕೆಳಗಿಳಿಯತೊಡಗಿತು. ಬೇಸಿಗೆಯಲ್ಲಿ ಉಪ್ಪೇರಬೇಕಾದ ಅಳಿವೆ ಬೇಸಿಗೆಯಲ್ಲೂ ಸಿಹಿಯಾಗಿಯೇ ಉಳಿಯಿತು. ಅಲ್ಲಿ ಚಿಪ್ಪಿಗಳು ಬಹುಮಟ್ಟಿಗೆ ಕಾಣೆಯಾದವು, ಮೀನಿನ ಜಾತಿಗಳು ಕುಗ್ಗಿದವು, ಕಾಂಡ್ಲಾ ಗಿಡಗಳಲ್ಲಿ ಉಪ್ಪು ಬೇಡುವ ಜಾತಿಗಳು ಹಿಂದೆ ಸರಿದವು. ಶರಾವತಿ, ಅಘನಾಶಿನಿಗಳ ಅಳಿವೆಗಳನ್ನು ಹೋಲಿಸಿದ ಅಧ್ಯಯನಗಳು ಈ ವ್ಯತ್ಯಾಸವನ್ನು ದಾಖಲಿಸಿವೆ. ಗಮನಿಸಬೇಕು: ಶರಾವತಿಯ ನೀರನ್ನು ಬೇರೆಡೆಗೆ ಒಯ್ದಿರಲಿಲ್ಲ. ಹರಿಯುವ ಕಾಲವನ್ನು ಮಾತ್ರ ಬದಲಿಸಲಾಗಿತ್ತು. ಅಷ್ಟಕ್ಕೇ ಇಷ್ಟಾಯಿತು. ಆ ವಿದ್ಯುತ್ತಿನಿಂದ ನಾಡಿಗೆ ಬೆಳಕು ಬಂದಿತೆಂಬುದೂ ನಿಜ. ಆದರೆ ಚಿಪ್ಪಿ ಆರಿಸುತ್ತಿದ್ದ ಹೊನ್ನಾವರದ ಹೆಂಗಸರ ಹೆಸರು ಯಾವ ಪರಿಹಾರದ ಪಟ್ಟಿಯಲ್ಲೂ ಬರಲಿಲ್ಲ, ಏಕೆಂದರೆ ಅವರ ಮನೆಯಾಗಲಿ ಹೊಲವಾಗಲಿ ಮುಳುಗಿರಲಿಲ್ಲ.

ಈಗ 35 ಟಿಎಂಸಿಯ ಲೆಕ್ಕಕ್ಕೆ ಬರಬಹುದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. 35 ಟಿಎಂಸಿ ಸುಮಾರು 99 ಕೋಟಿ ಘನ ಮೀಟರ್ ಆಗುತ್ತದೆ. ಅದನ್ನು ಅಘನಾಶಿನಿಯ 1,450 ಚದರ ಕಿಲೋಮೀಟರ್ ಜಲಾನಯನದ ಮೇಲೆ ಸಮನಾಗಿ ಹರಡಿದರೆ 68 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಮೊಳಕಾಲ್ಮೂರಿನಲ್ಲಿ ಒಂದು ವರ್ಷ ಬೀಳುವ ಮಳೆಗಿಂತ ಇದು ಹೆಚ್ಚು. ಅಷ್ಟನ್ನು ಇಡೀ ಕಣಿವೆಯ ಪ್ರತಿ ಅಂಗುಲದಿಂದ ಬಾಚಿದಂತೆ. ನೀರೆತ್ತುವ ಸ್ಥಳ ನದಿಯ ಮಧ್ಯದಲ್ಲೆಲ್ಲೋ ಇರುವುದರಿಂದ ಕೆಳಗಿನ ಹಳ್ಳಗಳ ನೀರು ಲೆಕ್ಕಕ್ಕೆ ಬರುವುದಿಲ್ಲ. ಮೇಲ್ಭಾಗದ ಪಾಲಿಗೆ ಹೊರೆ ಇನ್ನೂ ಹೆಚ್ಚಾಗುತ್ತದೆ. 'ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ' ಎಂಬ ಸಮಾಧಾನದ ಮಾತಿದೆಯಷ್ಟೆ. ಗಜನಿಯ ಉಪ್ಪು ತೊಳೆಯುವುದೂ, ಗೋಡುಮಣ್ಣು ತರುವುದೂ, ಕಡಲಿನ ಮೀನಿಗೆ ಅಂಚಿನ ನೀರಿನಲ್ಲಿ ಆಹಾರ ಒದಗಿಸುವುದೂ ಅದೇ ಮಳೆಗಾಲದ ನೀರು. ಅದನ್ನು ಹೆಚ್ಚುವರಿ ಎಂದು ಕರೆದವರು ಅಳಿವೆಯ ಗದ್ದೆಗೆ ಇಳಿದಿರಲಾರರು.

ಇದಲ್ಲದೆ ಘಟ್ಟದ ಇಳಿಜಾರುಗಳ ಸ್ಥಿತಿಯೂ ಇದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜಾರಿ ತೋಟ, ಮನೆ, ರಸ್ತೆಗಳನ್ನು ಕೊಂಡೊಯ್ದವು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡರು. ಎರಡೂ ನೆರೆಯ ಗಂಗಾವಳಿ ಕಣಿವೆಯವು. ಇಂತಹ ಮಣ್ಣಿನಲ್ಲಿ ಸುರಂಗ, ಕೊಳವೆಮಾರ್ಗ, ನೀರೆತ್ತುವ ಘಟಕಗಳ ಅಗೆತ ಯಾವ ಪರಿಣಾಮ ತರುವುದೆಂಬುದಕ್ಕೆ ಪ್ರತ್ಯೇಕ ಉಪನ್ಯಾಸವೇ ಬೇಕಾದೀತು.

ಇನ್ನು ಈ ಸೀಮೆಯ ನದಿಯತ್ತ. ವೇದಾವತಿಯೂ ಮಲೆನಾಡಿನ ಮಗಳೇ. ಬಾಬಾಬುಡನಗಿರಿಯ ತಪ್ಪಲಿನ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತದೆ. ಹೊಸದುರ್ಗ, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳನ್ನು ದಾಟಿ, ಪರಶುರಾಂಪುರದ ಆಚೆ ಆಂಧ್ರಪ್ರದೇಶಕ್ಕೆ ಹೋಗಿ, ಹಗರಿಯೆಂಬ ಹೆಸರಿನಿಂದ ಬಳ್ಳಾರಿ ಸೀಮೆಗೆ ಮರಳಿ, ತುಂಗಭದ್ರೆಯನ್ನು ಸೇರುತ್ತದೆ. ಮೊಳಕಾಲ್ಮೂರಿನ ಚಿನ್ನ ಹಗರಿ ಇದೇ ಬಳಗದ್ದು. ಅದಕ್ಕೂ ರಂಗಯ್ಯನದುರ್ಗದಲ್ಲಿ ಜಲಾಶಯವಿದೆ. ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು 1907ರಲ್ಲಿ ಮುಗಿಯಿತು. ಅದು ಹಿರಿಯೂರಿಗೆ ತೆಂಗು ಅಡಿಕೆಯ ತೋಟ ಕೊಟ್ಟಿತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ 30 ಟಿಎಂಸಿ ಹಿಡಿಯುವ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. 2025ರ ಜನವರಿಯಲ್ಲಿ ಅದು ಪುನಃ ತುಂಬಿತು, ಭದ್ರೆಯಿಂದ ಹರಿಸಿದ ನೀರಿನ ನೆರವಿನಿಂದ. ಆ 89 ವರ್ಷಗಳಲ್ಲಿ ಅಣೆಕಟ್ಟಿನ ಕೆಳಗೆ ಚಳ್ಳಕೆರೆ ತಾಲ್ಲೂಕಿನಲ್ಲಿ ವೇದಾವತಿ ಹೆಚ್ಚುಕಡಿಮೆ ಮರಳಿನ ದಾರಿಯಾಗಿ ಉಳಿಯಿತು. ಮರಳೂ ಲಾರಿಗಳಲ್ಲಿ ಹೋಯಿತು. ಹೊಳೆಯ ಮರಳೆಂದರೆ ನೀರು ಹಿಡಿದಿಡುವ ಸ್ಪಂಜು; ಹಿಂದೆ ಮರಳಲ್ಲಿ ಗುಂಡಿ ತೋಡಿ ಒರತೆಯ ನೀರು ಮೊಗೆಯುತ್ತಿದ್ದ ಹಳ್ಳಿಗಳಲ್ಲಿ ಈಗ ನೂರಾರು ಅಡಿ ಆಳದ ಕೊಳವೆಬಾವಿಗಳಿವೆ, ಅವುಗಳೊಡನೆ ಫ್ಲೋರೈಡ್ ಇದೆ. ನದಿಗೆ ಒಂದಿಷ್ಟು ನೀರು ಬಿಡಿ ಎಂದು ಚಳ್ಳಕೆರೆಯವರು ಕೇಳಿದಾಗ ಹಿರಿಯೂರಿನ ಕೆಲವು ರೈತರು ವಿರೋಧಿಸಿದ್ದುಂಟು. ಒಂದೇ ಜಿಲ್ಲೆಯ, ಒಂದೇ ನದಿಯ ನೆರೆಹೊರೆಯವರ ನಡುವೆಯೇ ಇಷ್ಟು ಜಗ್ಗಾಟವಿರುವಾಗ ಕುಮಟೆಯ ನೀರು ಹಿರಿಯೂರಿಗೆ ಬಂದರೂ ಮೊಳಕಾಲ್ಮೂರಿನ ಕೊನೆಯ ಹಳ್ಳಿಗೆ ತಲುಪುವುದು ಯಾವಾಗ ಎಂದು ಇಲ್ಲಿಯ ರೈತರೇ ಕೇಳಬೇಕಾಗಿದೆ.

ಭದ್ರಾ ಮೇಲ್ದಂಡೆ ಯೋಜನೆಯ ಗತಿಯನ್ನೂ ಇಲ್ಲಿ ನೆನೆಯಬೇಕು. 29.9 ಟಿಎಂಸಿ ನೀರು, ನಾಲ್ಕು ಜಿಲ್ಲೆಗಳು, 2.25 ಲಕ್ಷ ಹೆಕ್ಟೇರ್ ಎಂದು ಅದರ ಗುರಿ. 2023ರ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ನಂತರ ಆ ಹಣದ ಬಗೆಗೆ ರಾಜ್ಯ ಕೇಂದ್ರಗಳ ನಡುವೆ ವಾದ ನಡೆಯಿತು. ಹಿಡಿದ ಕೆಲಸವನ್ನು ಮುಗಿಸದೆ ಹೊಸ ನದಿಯ ಆಸೆ ತೋರಿಸುವುದು ಬಯಲುಸೀಮೆಗೆ ಮಾಡುವ ಉಪಕಾರವೇನಲ್ಲ. ಕುಡಿಯುವ ನೀರಿಗಾಗಿ ತುಂಗಭದ್ರಾ ಹಿನ್ನೀರಿನ ಕೊಳವೆಯೋಜನೆ ಈ ತಾಲ್ಲೂಕುಗಳನ್ನು ಒಳಗೊಂಡಿದೆ. ಕುಡಿಯುವ ನೀರು ಬೇರೆ, ನೀರಾವರಿ ಬೇರೆ ಎಂಬ ವಿವೇಕ ಅದರಲ್ಲಾದರೂ ಇದೆ.

ಮಳೆಯ ಲೆಕ್ಕವನ್ನೂ ಹಾಕಬಹುದು. 500 ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಕಿಲೋಮೀಟರಿಗೆ 50 ಕೋಟಿ ಲೀಟರ್. ಎರಡು ಸಾವಿರ ಜನರ ಹಳ್ಳಿಗೆ, ತಲೆಗೆ ದಿನಕ್ಕೆ 55 ಲೀಟರಿನಂತೆ, ವರ್ಷಕ್ಕೆ ನಾಲ್ಕು ಕೋಟಿ ಲೀಟರ್ ಸಾಕು. ಈ ಸೀಮೆಯ ಬಿಸಿಲಿಗೆ ಬಹುಪಾಲು ನೀರು ಆರಿಹೋಗುತ್ತದೆ, ಬೆಳೆಗೂ ಬೇಕು, ದನಕ್ಕೂ ಬೇಕು. ಆದ್ದರಿಂದ ಲೆಕ್ಕ ಹೇಳಿದಷ್ಟು ಸುಲಭವಲ್ಲ. ಆದರೂ ಹನ್ನೆರಡು ಪಟ್ಟು ಅಂತರ ಸಣ್ಣದೇನಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರನ್ನು ಜನ ಇಂದಿಗೂ ಕೆರೆ ಕಟ್ಟಿಸಿದವರೆಂದೇ ನೆನೆಯುತ್ತಾರೆ. ಕೆರೆಗಳೆಲ್ಲ ಹಾಗೆಯೇ ಇವೆ. ಹೂಳು ತುಂಬಿದೆ, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ, ನೀರು ಬರುವ ಹಳ್ಳಕ್ಕೆ ಅಡ್ಡಲಾಗಿ ಹೊಲ, ರಸ್ತೆ ಬಂದಿವೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು ಮಳೆಯನ್ನು ಮೆಲ್ಲಗೆ ಇಂಗಿಸುವ ನೆಲ. ಅದರಲ್ಲಿ ಸಾವಿರಾರು ಎಕರೆಗೆ ಈಗ ಬೇಲಿ ಬಿದ್ದಿದೆ.

ಮಲೆನಾಡಿನವರೂ ಕೇಳಿಸಿಕೊಳ್ಳಬೇಕಾದ ಮಾತುಗಳಿವೆ. ಅಣೆಕಟ್ಟಿಲ್ಲ ಎಂದ ಮಾತ್ರಕ್ಕೆ ಅಘನಾಶಿನಿ ಸುಖವಾಗಿದೆ ಎಂದಲ್ಲ. ಅದರ ಹುಟ್ಟುನೆಲೆಯೇ ಪೇಟೆಯ ನಡುವೆ ಇರುವುದರಿಂದ ಕೊಳಚೆ ಮೊದಲ ಹೆಜ್ಜೆಯಲ್ಲೇ ಸೇರುತ್ತದೆ. ಏಪ್ರಿಲ್ ಬಂತೆಂದರೆ ತೋಟಗಳಿಗೆ ಪಂಪುಸೆಟ್ಟುಗಳು ಹಳ್ಳದ ಕೊನೆಯ ಹನಿಯನ್ನೂ ಎತ್ತುತ್ತವೆ. ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಹಳ್ಳಿಗಳಿಗೆ ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಹೋಗುವುದು ಮಲೆನಾಡಿಗೆ ಗೌರವ ತರುವ ಸಂಗತಿಯಲ್ಲ. ಸೊಪ್ಪಿನಬೆಟ್ಟಗಳು ಬೋಳಾಗುತ್ತಿವೆ, ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಕೆಳಗೆ ಅಳಿವೆಯಲ್ಲಿ ಮರಳು ಹಾಗೂ ಚಿಪ್ಪು ತೆಗೆಯುವ ದಂಧೆ ತಳವನ್ನು ಕೆದಕಿದೆ, ಗಜನಿಗಳಲ್ಲಿ ಭತ್ತ ಬಿಟ್ಟು ಸಿಗಡಿ ಸಾಕಣೆ ಹೆಚ್ಚಿದೆ. 2000ರ ದಶಕದಲ್ಲಿ ತದಡಿಗೆ 4,000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಅಳಿವೆಯ ಜನ ಒಗ್ಗಟ್ಟಾಗಿ ತಡೆದರು. ಈ ಸಣ್ಣ ಸಣ್ಣ ಹಾನಿಗಳ ಮುಂದೆ ಆ ಒಗ್ಗಟ್ಟು ಕಾಣುವುದಿಲ್ಲ.

ವಿದ್ಯಾರ್ಥಿಗಳಿಂದ ಒಂದು ಕೆಲಸ ಆಗಬಹುದು. ಮೊಳಕಾಲ್ಮೂರಿನ ಶಾಲೆಗಳವರು ತಮ್ಮೂರಿನ ಕೆರೆಗೆ ನೀರು ಬಂದ ದಿನ, ಕೋಡಿ ಬಿದ್ದ ದಿನ, ತೆರೆದ ಬಾವಿಯ ನೀರಿನ ಮಟ್ಟ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಉತ್ತರ ಕನ್ನಡದ ಸಿದ್ದಾಪುರದ ಶಾಲೆಗಳವರು ತಮ್ಮ ಹಳ್ಳ ಯಾವ ದಿನ ಹರಿಯುವುದನ್ನು ನಿಲ್ಲಿಸಿತೆಂದು ಬರೆದಿಡಲಿ. ಕುಮಟೆಯವರು ಗಜನಿಯ ನೀರು ಯಾವ ವಾರ ಸಿಹಿಯಾಯಿತು, ಯಾವ ವಾರ ಮತ್ತೆ ಉಪ್ಪಾಯಿತು ಎಂದು ಗುರುತಿಸಲಿ. ಐದು ಮಳೆಗಾಲಗಳ ಇಂತಹ ಮೂರು ಪುಸ್ತಕಗಳನ್ನು ಯೋಜನಾ ವರದಿಯ ಪಕ್ಕದಲ್ಲಿಟ್ಟು ಓದುವ ಸಭೆಯನ್ನು ಬ್ರಹ್ಮಗಿರಿಯ ತಪ್ಪಲಿನಲ್ಲಿಯೇ ಕರೆಯಬಹುದು. ಬಂಡೆಯ ಮೇಲಿನ ಬರಹ ಅಲ್ಲಿ ಇನ್ನೂ ಓದಲು ಸಿಗುತ್ತದೆ.